ಪುಟ್ಟೀ, ಆ ಟೂತ್‌ಪೇಸ್ಟ್ ಸದ್ಯಕ್ಕೆ ಪಕ್ಕಕ್ಕಿಡು

ಪುಟ್ಟೀ,

ನಿನ್ನ ಮೇಲ್ ಓದಿ ಮೂರು ದಿನ ಆಯ್ತು. ಉತ್ತರ ಬರೆಯೋಕೆ ಕೂತಾಗೆಲ್ಲ ಕರೆಂಟ್ ಹೋಗ್ತಿತ್ತು, ಆದ್ರೆ ಅದೊಂದೇ ಕಾರಣ ಅಂದ್ರೆ ಸುಳ್ಳಾಗತ್ತೆ. ಕೆಲಸದ್ದು, ಮನೆ ಬದಲಾಯಿಸೋದು, ಅದೆಲ್ಲ ನಿಮ್ಮಮ್ಮ ಆಗ್ಲೇ ಹೇಳಿದ್ಲು. ಕೊನೇಲಿ ಒಂದು ಸಾಲು ಬರ್ದಿದ್ಯಲ್ಲ, "ಮಾವ, ಅಜ್ಜಿ ಹಾಡಿರೋ ಸಿಡಿ ಮೂರನೇ ಪದದ ಹತ್ರ ತಡವರಿಸ್ತಿದೆ, ಇದೂ ಹೋದ್ರೆ ಅಜ್ಜಿ ದನಿ ನಂಗೆ ಮರ್ತೇ ಹೋಗತ್ತೇನೋ" ಅಂತ, ಅಲ್ಲಿಂದ ಮುಂದೆ ಹೋಗಕ್ಕೇ ಆಗ್ಲಿಲ್ಲ ನಂಗೆ.

ಯಾವ್ದೋ ವಿಡಿಯೋ ನೋಡಿ ಸಿಡಿ ಗೀರು ಹೋಗಕ್ಕೆ ಟೂತ್‌ಪೇಸ್ಟ್ ಹಚ್ಚಿ ಉಜ್ತೀನಿ ಅಂದಿದ್ಯಲ್ಲ, ಇವತ್ತು ಉಜ್ಬೇಡ ಮಗಾ. ಆಗ್ಲೇ ಉಜ್ಜಿದ್ರೆ ಬೈಯಲ್ಲ, ಅಷ್ಟಕ್ಕೇ ನಿಲ್ಸು.

ತಡವರಿಸೋದು ಅಂದ್ರೆ ಹೋಯ್ತು ಅಂತ ಅಲ್ಲ. ಸಿಡಿ ದಪ್ಪ ಇರೋದೇ 1.2 ಮಿಲಿಮೀಟರ್, ಅದ್ರಲ್ಲಿ ಹಾಡು ಇರೋದು ಮೇಲ್ಗಡೆ, ನಾವು ಹೆಸ್ರು ಬರೆಯೋ ಕಡೆ, ಆ ತೆಳು ಪದರದ ಕೆಳಗೆ. ಹೊಳೆಯೋ ಕಡೆ ನೀನು ನೋಡ್ತಿರೋ ಗೀರು ಬರೀ ಪ್ಲಾಸ್ಟಿಕ್ಕಿನ ಮೇಲೆ ಇರ್ಬಹುದು, ಕನ್ನಡಕದ ಗಾಜು ಗೀಚಿದ ಹಾಗೆ, ಹಿಂದಿರೋ ಕಣ್ಣಿಗೆ ಏನೂ ಆಗಿರಲ್ಲ. ಎಲ್ರೂ ಹೊಳೆಯೋ ಕಡೆಗೇ ಹೆದರ್ತಾರೆ, ಜೋಪಾನ ಮಾಡ್ಬೇಕಾಗಿರೋದು ಹೆಸ್ರು ಬರ್ದಿರೋ ಕಡೆ. ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡು, ಸೂಜಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕಿ ಕಂಡ್ರೆ ಅಷ್ಟು ಜಾಗ ಮಾತ್ರ ನಿಜವಾಗ್ಲೂ ಹೋಗಿದೆ, ಅದನ್ನ ಯಾವ ಪೇಸ್ಟೂ ತರಲ್ಲ. ಕಾಣ್ಲಿಲ್ಲ ಅಂದ್ರೆ ಧೈರ್ಯವಾಗಿರು.

ಅಂಗಡಿ ಇದ್ದ ಕಾಲದಲ್ಲಿ ಬಸ್‌ಸ್ಟ್ಯಾಂಡ್ ಕಡೆಯಿಂದ ಒಬ್ರು ಮದ್ವೆ ಸಿಡಿ ತಂದಿದ್ರು, ಮಗಳದ್ದು. ನಾನು ಬುದ್ಧಿವಂತಿಕೆ ಮಾಡಕ್ಕೆ ಹೋಗಿ ಪೇಂಟಿಗೆ ಹಾಕೋ ಥಿನ್ನರ್ ಬಟ್ಟೆಗೆ ಹಾಕ್ಕೊಂಡು ಒರೆಸ್ದೆ. ನೋಡ್ತಾ ನೋಡ್ತಾ ಹಾಲಿನ ಹಾಗೆ ಬೆಳ್ಳಗಾಯ್ತು. ಅವ್ರು "ಇರ್ಲಿ ಬಿಡಿ, ನೀವು ಬೇಕಂತ ಮಾಡಿಲ್ವಲ್ಲ" ಅಂದು ಆ ಬೆಳ್ಳಗಿರೋ ಸಿಡೀನೇ ಮತ್ತೆ ಕವರಿಗೆ ಹಾಕ್ಕೊಂಡು ಹೋದ್ರು, ಬೈದಿದ್ರೆ ಎಷ್ಟೋ ವಾಸಿಯಿತ್ತು. ಥಿನ್ನರ್, ನೈಲ್ ಪಾಲಿಶ್ ತೆಗೆಯೋದು, ಪೆಟ್ರೋಲ್, ಇವ್ಯಾವ್ದೂ ಹತ್ರ ತರ್ಬೇಡ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ತೊಟ್ಟು, ಬೆರಳ ತುದೀಲಿ, ಸಾಕು. ಆಮೇಲೆ ಮೆತ್ತಗಿರೋ ಹಳೇ ಪಂಚೆ ತುಂಡಲ್ಲಿ ನಡುವಿನ ತೂತಿಂದ ಅಂಚಿಗೆ ನೇರ ಒರೆಸು, ಗಾಡಿ ಚಕ್ರದ ಕಡ್ಡಿ ಇರತ್ತಲ್ಲ ಹಾಗೆ. ಸುತ್ತ ತಿರುಗಿಸಿ ಒರೆಸ್ಬೇಡ, ಹಾಡು ಸುತ್ತ ಸುತ್ತ ಬರ್ದಿರೋದ್ರಿಂದ ಸುತ್ತ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ತಿಂದ್ಬಿಡತ್ತೆ, ಅಡ್ಡ ಬಿದ್ದದ್ದಾದ್ರೆ ಒಂದೊಂದು ಸುತ್ತಲ್ಲಿ ಚೂರು ಚೂರು, ಅದನ್ನ ಮಿಷಿನ್ ತಾನೇ ಲೆಕ್ಕ ಹಾಕಿ ತುಂಬ್ಕೊಳ್ಳತ್ತೆ. ಸುಮಾರು ಎರಡೂವರೆ ಮಿಲಿಮೀಟರ್ ತನಕ ಪೂರ್ತಿ ಕಾಣೆಯಾಗಿದ್ರೂ ಸರಿ ಮಾಡ್ಕೊಳ್ಳೋ ಶಕ್ತಿ ಅದ್ರಲ್ಲೇ ಇಟ್ಟಿದ್ದಾರೆ.

ಇದೆಲ್ಲ ನಿಂಗೆ ಗೊತ್ತಿರೋದೇ ಇರ್ಬಹುದು, ಗೊತ್ತಿದ್ರೆ ಬಿಡು. ಮರ್ತು ಹೋಗತ್ತೆ ಅಂದ್ಯಲ್ಲ, ನಂಗೆ ಹೇಳ್ಬೇಕಾಗಿರೋದು ಅದ್ರದ್ದು.

ಅಪ್ಪ ಹೋಗಿದ್ದು 1995ರಲ್ಲಿ. ಅವ್ರು ಏನೇನು ಹೇಳ್ತಿದ್ರು ಎಲ್ಲ ನೆನಪಿದೆ, ಕಾಫಿ ಕಣದಲ್ಲಿ ನಿಂತು ಮಳೆ ಬರತ್ತೆ ಟಾರ್ಪಾಲ್ ಎಳೀರೋ ಅಂತ ಕೂಗೋದು, ರಾತ್ರಿ ಕೆಮ್ಮೋದು. ಆದ್ರೆ ದನಿ ಇಲ್ಲ. ಯಾವತ್ತು ಹೋಯ್ತೋ ಗೊತ್ತೂ ಆಗ್ಲಿಲ್ಲ, ಈಗ ಅವ್ರ ಮಾತು ನೆನಪು ಮಾಡ್ಕೊಂಡ್ರೆ ನನ್ನ ದನೀಲೇ ಕೇಳತ್ತೆ. ಅದಕ್ಕೇ ನಿನ್ನ ಆ ಸಾಲು ಓದಿ ಹಾಗೆಲ್ಲ ಆಗಲ್ಲ ಬಿಡು ಅಂತ ಬರೆಯೋಕೆ ಕೈ ಬರ್ಲಿಲ್ಲ. ಆಗತ್ತೆ. ನಂಗೆ ಆಗಿದೆ.

ಇನ್ನೊಂದು ವಿಷ್ಯ, ಇದು ನಿಮ್ಮಮ್ಮಂಗೂ ಗೊತ್ತಿಲ್ಲ. ಅವಳ ಮದ್ವೇಲಿ ಅವ್ವ ಸೋಬಾನೆ ಹಾಡಿದ್ದು ಕ್ಯಾಸೆಟ್ಟಲ್ಲಿ ಇತ್ತಲ್ಲ, ಅದು ಮನೆ ಖಾಲಿ ಮಾಡೋವಾಗ ಕಳೆದು ಹೋಯ್ತು ಅಂತಾನೇ ಎಲ್ರೂ ತಿಳ್ಕೊಂಡಿದ್ದಾರೆ. ಕಳೆದಿಲ್ಲ. 2004ರ ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿದಾಗ ಟೇಪಿಗೆ ಬಿಳೀ ಬೂಷ್ಟು ಹಿಡಿದಿತ್ತು, ನಮ್ಮ ಕಡೆ ಗೊತ್ತಲ್ಲ, ಕಕ್ಕಡ ತಿಂಗಳ ಮಳೇಲಿ ಬೀರುವಿನೊಳಗಿರೋ ಬೆಲ್ಟು ಚಪ್ಪಲಿಗೂ ಹಿಡಿಯತ್ತೆ. ಮಡಿಕೇರೀಲಿ ಒಂದು ಕಡೆ ಕೊಟ್ಟು ಸಿಡಿ ಮಾಡಿಸ್ದೆ, ಅವ್ರು ಇನ್ನು ನೂರು ವರ್ಷ ಚಿಂತೆ ಇಲ್ಲ ಅಂದ್ರು. ನಾನು ನಂಬ್ದೆ. ಮನೆಗೆ ಬಂದು ಕ್ಯಾಸೆಟ್ಟನ್ನ ಬಚ್ಚಲ ಒಲೆಗೆ ಹಾಕ್ಬಿಟ್ಟೆ. ಅವ್ರು ಸಿಡಿಗೆ ಹಾಕಿದ್ದು ಎ ಸೈಡ್ ಮಾತ್ರ ಅಂತ ಗೊತ್ತಾಗಿದ್ದು ಎರಡು ತಿಂಗಳಾದ್ಮೇಲೆ. ಬಿ ಸೈಡಲ್ಲಿ ಅಪ್ಪ ಇದ್ರು, ಧಾರೆ ಹೊತ್ತಾಯ್ತು ಬನ್ನಿ ಅಂತ ಯಾರನ್ನೋ ಕರೀತಿದ್ರು, ಒಂದೇ ಒಂದು ಸಲ. ಅಷ್ಟೇ ಇದ್ದಿದ್ದು ಅವ್ರದ್ದು.

ಅದ್ಕೆ ಹೇಳ್ತಿರೋದು, ಆ ಸಿಡಿ ನಿನ್ನ ಕೈಯಲ್ಲಿ ಗೀಚಿತು ಅಂತ ನೀನು ಒಂದು ಕ್ಷಣಾನೂ ಅಳ್ಬೇಡ. ಒಂದೇ ಪ್ರತಿ ಉಳಿಯೋ ಹಾಗೆ ಮಾಡಿದವ್ನು ನಾನು. ಸಿಡೀಗೂ ಬೂಷ್ಟು ಹಿಡಿಯತ್ತೆ ಅಂತ 2001ರಲ್ಲೇ ಸುದ್ದಿ ಬಂದಿತ್ತು, ಬೆಲೀಜ್ ಅನ್ನೋ ಸೆಕೆಯ ದೇಶದಲ್ಲಿ ಒಂದು ಸಿಡಿಯ ಒಳಪದರಾನೇ ತಿಂದಿತ್ತಂತೆ. ಅದು ಗೊತ್ತಿದ್ದಿದ್ರೆ ಈ ಮಳೆ ಊರಲ್ಲಿ ಕೂತು ನೂರು ವರ್ಷದ ಮಾತು ನಂಬ್ತಿದ್ನಾ.

ಮೊದ್ಲು ಕಾಪಿ ಮಾಡ್ಕೊ, ಉಜ್ಜೋದೆಲ್ಲ ಆಮೇಲೆ. ಒಂದು ಡ್ರೈವಲ್ಲಿ ತಡವರಿಸಿದ್ದು ಇನ್ನೊಂದ್ರಲ್ಲಿ ಸಲೀಸಾಗಿ ಹೋಗ್ಬಹುದು, ಆಫೀಸಲ್ಲಿ ಯಾರ ಹತ್ರನಾದ್ರೂ ಹಳೇ ಕಂಪ್ಯೂಟರ್ ಇದ್ರೆ ಕೇಳು. ವಿಂಡೋಸಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅಂತ ಒಂದು ಪ್ರೋಗ್ರಾಂ ಇದೆ, ಓದಕ್ಕಾಗದ ಜಾಗನ ಬಿಡದೆ ಮತ್ತೆ ಮತ್ತೆ ಓದತ್ತೆ, ಗಂಟೆಗಟ್ಟಲೆ ಆದ್ರೂ ಆಗ್ಲಿ ಬಿಡು. ಬಂದಷ್ಟು ಎರಡು ಮೂರು ಕಡೆ ಇಟ್ಕೊ. ಆಮೇಲೂ ಒಂದು ಜಾಗ ಬರ್ಲೇ ಇಲ್ಲ ಅಂದ್ರೆ ಮಾತ್ರ ಪೇಸ್ಟ್, ಅದೂ ಸಾದಾ ಬಿಳೀದು, ಜೆಲ್ ಅಲ್ಲ, ಹೊಳೆಯೋ ಕಡೆ ಗೀರಿನ ಮೇಲೆ ಮಾತ್ರ, ನಡುವಿಂದ ಹೊರಗೆ, ಒತ್ತದೆ. ಪೇಸ್ಟ್ ಗೀರು ಮುಚ್ಚಲ್ಲ, ಸುತ್ತಲಿನ ಪ್ಲಾಸ್ಟಿಕ್ಕನ್ನೇ ಸವೆಸತ್ತೆ, ಅದಕ್ಕೇ ನಂಗೆ ಭಯ. ಮನೇಲಿ ಬರೆಯೋ ಥರದ ಸಿಡಿ ಅದು, ಬಿಸಿಲಿಗೆ ಬಣ್ಣ ಮಾಸಿದ್ರೂ ಹಾಡು ಹೋಗತ್ತೆ, ಕಿಟಕಿ ಹತ್ರ ಒಣಗ್ಸಕ್ಕೆ ಇಡ್ಬೇಡ.

ಕಾಪಿ ಆದ್ಮೇಲೆ ತಡವರಿಸೋದೂ ಸೇರಿಸಿ ಹಾಗೇ ನಂಗೆ ಕಳ್ಸು. ಮೂರನೇ ಪದ ನಿಮ್ಮಮ್ಮಂಗೆ ಪೂರ್ತಿ ಬರತ್ತೆ. ಸಾಲಿನ ಕೊನೇಲಿ ಉಸಿರು ಎಳ್ಕೊಳ್ಳೋದು ಅವ್ವನ ಹಾಗೇನೇ, ನೀನು ಗಮನ್ಸಿದ್ಯೋ ಇಲ್ವೋ. ಹಾಡು ಅಂದ್ರೆ ಹಾಡಲ್ಲ, ಅಕ್ಕಿ ಆರಿಸ್ತಾ ಕೂತಾಗ ತಾನಾಗೇ ಗುನುಗ್ತಾಳೆ, ಆಗ ಫೋನ್ ಪಕ್ಕದಲ್ಲಿಟ್ಬಿಡು. ಕ್ಯಾಸೆಟ್ ವಿಷ್ಯ ಅವಳಿಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ.

ಕರೆಂಟ್ ಈಗ ಇದೆ, ಹೋಗೋದ್ರೊಳಗೆ ಕಳಿಸ್ಬಿಡ್ತೀನಿ. ಉಜ್ಜಿದ್ಯೋ ಇಲ್ವೋ ಅಷ್ಟು ಮಾತ್ರ ಇವತ್ತೇ ಬರಿ.

ನಿನ್ನ ಮಾವ
ಸೋಮವಾರಪೇಟೆ