ತೆರುನೊಫುಜಿಯ ಮಂಡಿಗೆ ಆರೇ ಸಾಲಾ?

ಮಾನ್ಯ ಸಂಪಾದಕರೇ,

ನಿಮ್ಮ ಶನಿವಾರದ ಕ್ರೀಡಾಪುಟದ ಮೂಲೆಯಲ್ಲಿ ಬಂದ ಆರು ಸಾಲು ಓದಿದೆ. ಜಪಾನಿನ ಸುಮೊ ಕುಸ್ತಿಯ ಯೊಕೊಝುನಾ, ಅಂದರೆ ಅತಿ ಮೇಲಿನ ಪಟ್ಟದ ಪೈಲ್ವಾನ, ತೆರುನೊಫುಜಿ ನಿವೃತ್ತನಾದ ಸುದ್ದಿ. ಗಾಯದಿಂದ ಸುಮೊ ದೈತ್ಯ ವಿದಾಯ ಅಂತೆ. ಪಕ್ಕದಲ್ಲೊಂದು ಫೋಟೊ. ಸ್ವಾಮಿ, ಆ ಫೋಟೊದಲ್ಲಿರುವುದು ತೆರುನೊಫುಜಿಯೇ ಅಲ್ಲ. ಎರಡೂ ಮಂಡಿಗೆ ದಪ್ಪನೆ ಬ್ಯಾಂಡೇಜ್ ಸುತ್ತಿಕೊಂಡು ಅಖಾಡಕ್ಕೆ ಹತ್ತುತ್ತಿದ್ದವನು ಅವನು. ನೀವು ಹಾಕಿರುವವನ ಮಂಡಿ ಎಳೆ ಮಗುವಿನ ಕೆನ್ನೆ ಹಾಗಿದೆ. ದಪ್ಪಗಿರುವವರೆಲ್ಲ ಒಂದೇ ಅಂದುಕೊಂಡಿರಾ?

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಮುಚ್ಚಿಡುವುದಿಲ್ಲ. ಅವತ್ತೇ, ಅಂದರೆ 2025ರ ಜನವರಿ 18ಕ್ಕೆ, ಇಲ್ಲಿನ ಸುಮೊ ಕ್ರೀಡಾಂಗಣ ರ್ಯೋಗೊಕು ಕೊಕುಗಿಕಾನ್‌ನಲ್ಲಿ ನಮ್ಮ ಟಿಕೆಟ್ ಇತ್ತು. ದಾವಣಗೆರೆಯಿಂದ ಅಪ್ಪ ಬಂದಿದ್ದಾರೆ. 76 ವರ್ಷ. ಹರೆಯದಲ್ಲಿ ಗರಡಿಯ ಮಣ್ಣಲ್ಲಿ ಹೊರಳಿದವರು, ಮೈಸೂರು ದಸರಾ ಕುಸ್ತಿಯಲ್ಲಿ ಒಂದು ಸಲ ಸೋತು ಬಂದದ್ದನ್ನು ಇವತ್ತಿಗೂ ಗೆದ್ದಷ್ಟೇ ಹೆಮ್ಮೆಯಿಂದ ಹೇಳುತ್ತಾರೆ. ಫೋನಿನಲ್ಲಿ ತೆರುನೊಫುಜಿಯ ವಿಡಿಯೊ ತೋರಿಸಿ ತೋರಿಸಿ ಅವರಿಗೆ ಹುಚ್ಚು ಹಿಡಿಸಿದ್ದು ನಾನೇ. ಟಿಕೆಟ್ ಬಿಟ್ಟ ದಿನ ಬೆಳಿಗ್ಗೆಯಿಂದ ಫೋನು, ಲ್ಯಾಪ್‌ಟಾಪು ಎರಡನ್ನೂ ಎದುರಿಗಿಟ್ಟುಕೊಂಡು ಕೂತು, ಪುಟ ತೆರೆದುಕೊಳ್ಳದೆ, ತೆರೆದುಕೊಂಡರೆ ಸೀಟಿಲ್ಲದೆ, ಕೊನೆಗೂ ನಾಲ್ಕು ಜನ ಕೂರುವ ಒಂದು ಬಾಕ್ಸ್ ಸಿಕ್ಕಿತು. ಆ ದುಡ್ಡಿಗೆ ಊರಲ್ಲಿ ಎರಡು ತಿಂಗಳ ಮನೆ ಬಾಡಿಗೆ ಕಟ್ಟಬಹುದಿತ್ತು.

ಗುರುವಾರ ತೆರುನೊಫುಜಿ ಕಣಕ್ಕಿಳಿಯಲಿಲ್ಲ. ಶುಕ್ರವಾರ ನಿವೃತ್ತಿ. ಟಿಕೆಟ್ ಮಾರಿದವರಿಗೆ ಫೋನ್ ಮಾಡಿದೆ. ಬಗ್ಗಿದ್ದು ಫೋನಿನಲ್ಲೇ ಕೇಳಿಸಬೇಕು, ಅಷ್ಟು ನಯವಾಗಿ ಮೂರು ಸಲ ಕ್ಷಮೆ ಕೇಳಿ, ದುಡ್ಡು ವಾಪಸ್ ಇಲ್ಲ ಅಂದರು. ಹೀಗೆ ಮಾತಾಡುವವರ ಹತ್ತಿರ ಜಗಳ ಆಡುವುದಾದರೂ ಹೇಗೆ ಹೇಳಿ.

ಸರಿ, ಹೋದೆವು. ಬಾಕ್ಸ್ ಅಂದರೆ ಸುತ್ತ ಮೊಣಕಾಲೆತ್ತರದ ಕಬ್ಬಿಣದ ಕಂಬಿ, ಒಳಗೆ ನಾಲ್ಕು ದಿಂಬು, ಅಷ್ಟೇ. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬೇಕು. ಅಪ್ಪನ ಮಂಡಿ ಮಡಚುವುದಿಲ್ಲ, ಅವರ ಬಲಗಾಲು ನನ್ನ ಮಗನ ತೊಡೆಯ ಮೇಲೆ, ಮಗನ ಬೆನ್ನು ಕಂಬಿಗೆ, ನನ್ನ ಹೆಂಡತಿ ಅರ್ಧ ಪಕ್ಕದವರ ಬಾಕ್ಸಿನಲ್ಲಿ. ಮೇಲೆ ಛಾವಣಿಯಿಂದ ಹೌಸ್‌ಫುಲ್ ಅಂತ ಬರೆದ ಬಟ್ಟೆ ಇಳಿಬಿಟ್ಟಿದ್ದರು, ಸಂತೋಷ. ಯೊಕೊಝುನಾ ಬಿಳಿ ಹಗ್ಗ ಕಟ್ಟಿಕೊಂಡು ಬಂದು, ಚಪ್ಪಾಳೆ ತಟ್ಟಿ, ಕಾಲೆತ್ತಿ ನೆಲಕ್ಕೆ ಹೊಡೆಯುತ್ತಾನಲ್ಲ, ಅದನ್ನು ನೋಡಲೆಂದೇ ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಈ ಚಳಿಯಲ್ಲಿ ಬಂದದ್ದು. ಇದ್ದ ಒಬ್ಬನೇ ಯೊಕೊಝುನಾ ಮನೆಗೆ ಹೋದ ಮೇಲೆ ಅದೆಲ್ಲಿ? ಉಳಿದವರು ಸಾಲಾಗಿ ಬಂದರು, ಹೋದರು. "ಎಲ್ಲೋ ನಿನ್ನ ಪೈಲ್ವಾನ?" ಅಂತ ಅಪ್ಪ ಸಂಜೆ ಆರರವರೆಗೆ ಕೇಳುತ್ತಲೇ ಇದ್ದರು. ನಿವೃತ್ತಿಯ ವಿಷಯ ಬೆಳಿಗ್ಗೆಯೇ ಹೇಳಿದ್ದೆ. ನನ್ನನ್ನು ಚುಚ್ಚಲು ಕೇಳುತ್ತಿದ್ದರು.

ಈಗ ನಿಮ್ಮ ಆರು ಸಾಲಿಗೆ ಬರುತ್ತೇನೆ. ಗಾಯದಿಂದ ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ಟಿರಿ. ಮಂಗೋಲಿಯಾದ ಹುಡುಗ, ಜಪಾನಿನ ತೊತ್ತೊರಿಯ ಹೈಸ್ಕೂಲಿಗೆ ಓದಲು ಬಂದವನು, 2011ರಲ್ಲಿ ಸುಮೊ ಸೇರಿದ. 2015ರ ಮೇನಲ್ಲಿ ಮೊದಲ ಟೂರ್ನಿ ಗೆದ್ದು ಒಝೆಕಿ ಆದ, ಅಂದರೆ ಯೊಕೊಝುನಾಗಿಂತ ಒಂದೇ ಮೆಟ್ಟಿಲು ಕೆಳಗೆ. ಅದೇ ಸೆಪ್ಟೆಂಬರ್‌ನಲ್ಲಿ ಬಲ ಮಂಡಿ ಹೋಯಿತು. ಮನೆಗೆ ಹೋದನಾ? ಕೊನೆಯ ದಿನ ಅದೇ ಮಂಡಿಯಲ್ಲಿ ಯೊಕೊಝುನಾ ಕಾಕುರ್ಯು ಎದುರು ಎರಡು ಸಲ ನಿಂತ. ಒಂದು ಗೆದ್ದ, ಪ್ರಶಸ್ತಿ ನಿರ್ಧರಿಸುವ ಇನ್ನೊಂದರಲ್ಲಿ ಸೋತ. ಆಮೇಲೆ ಇನ್ನೊಂದು ಮಂಡಿ, ಸಕ್ಕರೆ ಕಾಯಿಲೆ. 2017ರಲ್ಲಿ ಒಝೆಕಿ ಪಟ್ಟ ಹೋಯಿತು. ಜಾರಿ ಜಾರಿ 2019ರ ಮಾರ್ಚ್‌ಗೆ ಜೊನಿದಾನ್ 48ನೇ ಸ್ಥಾನ. ಆರು ದರ್ಜೆಗಳಲ್ಲಿ ಕೆಳಗಿನಿಂದ ಎರಡನೆಯದು. ಅಲ್ಲಿ ಸಂಬಳವೇ ಇಲ್ಲ. ಆಗ ಒಝೆಕಿಗೆ ತಿಂಗಳಿಗೆ 25 ಲಕ್ಷ ಯೆನ್, ಮೇಲಿನಿಂದ ಎರಡನೇ ದರ್ಜೆಯಾದ ಜುರ್ಯೊಗೆ 11 ಲಕ್ಷ, ಅದರ ಕೆಳಗೆ ಸೊನ್ನೆ. ಕೊರೆಯುವ ಚಳಿಯಲ್ಲೂ ಯುಕಾತ ಅನ್ನುವ ತೆಳ್ಳನೆ ಹತ್ತಿಯ ನಿಲುವಂಗಿ, ಕಾಲಿಗೆ ಮರದ ಚಪ್ಪಲಿ. ಬಿಡುತ್ತೇನೆ ಅಂತ ಎಷ್ಟೋ ಸಲ ಕೇಳಿಕೊಂಡನಂತೆ, ಅವನ ಗರಡಿಯ ಆಗಿನ ವಸ್ತಾದರು, ಇಸೆಗಹಾಮ ಅಂತ, ಬಿಡಲಿಲ್ಲ. 2020ರ ಜುಲೈನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಗೆ ವಾಪಸ್ ಬಂದವನು, 13 ಪಂದ್ಯ ಗೆದ್ದು 2 ಸೋತು, ಬಂದ ಟೂರ್ನಿಯನ್ನೇ ಗೆದ್ದ. ಮರುವರ್ಷ 73ನೇ ಯೊಕೊಝುನಾ. ಒಟ್ಟು 10 ಪ್ರಶಸ್ತಿ. ಇದರಲ್ಲಿ ಒಂದಾದರೂ ನಿಮ್ಮ ಆರು ಸಾಲಿನಲ್ಲಿ ಹಿಡಿಸಲಿಲ್ಲವೇ?

ಅಪ್ಪ ಕೇಳಿದ್ದೇ ಪ್ರಶ್ನೆ. "ಮಂಡಿ ಹೋದೋನ್ನ ಯಾಕೋ ಅಖಾಡಕ್ಕೆ ಬಿಡ್ತಾರೆ?" ಅಂದರು. ಬಿಡುವುದಲ್ಲ, ತಳ್ಳುತ್ತಾರೆ. ಮೊದಲು ಗಾಯದ ರಜೆ ಇತ್ತು, ಕೊಶೊ ಅನ್ನುತ್ತಿದ್ದರು, 1972ರಲ್ಲಿ ಬಂದದ್ದು. ಅಖಾಡದಲ್ಲಿ ಪೆಟ್ಟಾದರೆ ಮುಂದಿನ ಟೂರ್ನಿ ಬಿಡಬಹುದಿತ್ತು, ಸ್ಥಾನ ಹೋಗುತ್ತಿರಲಿಲ್ಲ. ರಜೆ ತಗೊಳ್ಳುವವರು ಜಾಸ್ತಿಯಾದರು ಅಂತ 2003ರ ಕೊನೆಗೆ ಸುಮೊ ಸಂಘದ ಯಜಮಾನರು ಅದನ್ನು ಕಿತ್ತುಹಾಕಿದರು. ಜ್ವರ ಜಾಸ್ತಿಯಾಯಿತು ಅಂತ ಥರ್ಮಾಮೀಟರ್ ಒಡೆದ ಹಾಗೆ. ವರ್ಷಕ್ಕೆ ಆರು ಟೂರ್ನಿ, ಒಂದೊಂದು 15 ದಿನ. ಮಂಡಿ ವಾಸಿಯಾಗಲಿ ಅಂತ ಕೂತರೆ ಪಟ್ಟಿಯಲ್ಲಿ ಕೆಳಗೆ, ನಿಂತರೆ ಮಂಡಿ ಪುಡಿ.

ಚಪ್ಪಾಳೆಗೇನೂ ಕೊರತೆ ಇಲ್ಲ. 2001ರ ಮೇನಲ್ಲಿ ಯೊಕೊಝುನಾ ತಕಾನೊಹಾನ ಮುರುಕು ಮಂಡಿಯಲ್ಲಿ ಟೂರ್ನಿ ಗೆದ್ದಾಗ ಜಪಾನಿನ ಆಗಿನ ಪ್ರಧಾನಿ ಕೊಯಿಝುಮಿ ಅವರೇ ಅಖಾಡಕ್ಕೆ ಹತ್ತಿ, ನೋವು ನುಂಗಿ ಹೋರಾಡಿದೆ ಅಂತ ಕೊಂಡಾಡಿದರು. ಆಮೇಲೆ ಅವನು ಸತತ 7 ಟೂರ್ನಿ ಆಡಲಾಗಲಿಲ್ಲ, 2003ರ ಜನವರಿಯಲ್ಲಿ ನಿವೃತ್ತಿ. ಆಗ ಹತ್ತಿ ಮಾತಾಡಿದವರು ಯಾರೂ ಕಾಣಲಿಲ್ಲ.

ಈ ಸುಮೊ ಸಂಘದವರ ಕಥೆ ಹೇಳುತ್ತಾ ಹೋದರೆ ಮುಗಿಯಲ್ಲ. 2018ರಲ್ಲಿ ಮೈಝುರು ಎಂಬ ಊರಲ್ಲಿ ಮೇಯರ್ ಅಖಾಡದ ಮೇಲೆ ಕುಸಿದು ಬಿದ್ದಾಗ ಎದೆ ಒತ್ತಲು ಓಡಿ ಬಂದ ಹೆಂಗಸರಿಗೆ, ಹೆಂಗಸರು ಅಖಾಡ ತುಳಿಯಬಾರದಲ್ಲ, ಕೆಳಗಿಳಿಯಿರಿ ಅಂತ ಮೈಕಿನಲ್ಲಿ ಕೂಗಿದ್ದು ನೆನಪಿರಬೇಕಲ್ಲ. 2021ರ ಮಾರ್ಚ್‌ನಲ್ಲಿ, ನಾವು ಕೂತಿದ್ದ ಇದೇ ಕೊಕುಗಿಕಾನ್‌ನಲ್ಲಿ, ಹಿಬಿಕಿರ್ಯು ಎಂಬ 28ರ ಹುಡುಗ ತಲೆಕೆಳಗಾಗಿ ಬಿದ್ದು ಬೋರಲಾಗಿ ನಿಮಿಷಗಟ್ಟಲೆ ಅಲ್ಲಾಡದೆ ಮಲಗಿದ್ದ, ಸುತ್ತ ನಿಂತವರು ನೋಡುತ್ತಿದ್ದರು. ಒಂದು ತಿಂಗಳಾದ ಮೇಲೆ ತೀರಿಕೊಂಡ. ಅಖಾಡ ನೆಲದಿಂದ ಎರಡು ಅಡಿ ಎತ್ತರ, ಗಟ್ಟಿ ಮಣ್ಣು, ಅಂಚಿನಿಂದ ಕೆಳಗೆ ಬಿದ್ದರೆ ಬಿದ್ದ. ನಮ್ಮ ಗರಡಿಯಲ್ಲಿ ಮಣ್ಣನ್ನು ಅಗೆದು ಮೆತ್ತಗೆ ಮಾಡದೆ ಹುಡುಗರನ್ನು ಇಳಿಸುತ್ತಿರಲಿಲ್ಲ ಕಣೋ ಅಂದರು ಅಪ್ಪ. ಪಕ್ಕದ ಬಾಕ್ಸಿನವರು ತಿರುಗಿ ನೋಡಿದರು. ಕನ್ನಡದಲ್ಲೇ ಬೈದದ್ದು, ಆದರೂ ಅರ್ಥವಾದ ಹಾಗಿತ್ತು.

ಆದ್ದರಿಂದ ನಾನು ಕೇಳುವುದು ಇಷ್ಟೇ. ಆ ಗಾಯದ ರಜೆಯನ್ನು ವಾಪಸ್ ತರಲಿ. ಆಗದಿದ್ದರೆ ಯೊಕೊಝುನಾ ಬರದ ದಿನ ಅರ್ಧ ದುಡ್ಡಾದರೂ ವಾಪಸ್ ಕೊಡಲಿ, ಅಥವಾ ಮುದುಕರಿಗೆ ಒಂದು ಕುರ್ಚಿ ಹಾಕಲಿ. ಇದ್ಯಾವುದೂ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಫೋಟೊ ನಿಮ್ಮ ಕೈಯಲ್ಲಿದೆ ಅಲ್ವಾ? ಸುಮ್ನೆ ಒಂದು ತಿದ್ದುಪಡಿ ಹಾಕಿ, ಬ್ಯಾಂಡೇಜ್ ಕಾಣುವ ಫೋಟೊ ಹುಡುಕಿ ಹಾಕಿ. ಅಪ್ಪ ಮುಂದಿನ ವಾರ ಊರಿಗೆ ಹೊರಡುತ್ತಾರೆ. ಪೇಪರಿನಿಂದ ಕತ್ತರಿಸಿ ಇಟ್ಟುಕೊಳ್ಳಬೇಕಂತೆ.

ಇತಿ,
ನಿಮ್ಮ ಹಳೆಯ ಓದುಗ,
ಟೋಕಿಯೊ