ಝೆಂಗ್‌ಝೌ ಕೆಂಪು ಕೋಡ್ ವಿಷಯನೂ ಬರೀಬೇಕಿತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಚೀನಾದ ಡಿಜಿಟಲ್ ಆಡಳಿತದ ಬಗ್ಗೆ ಬಂದಿದ್ದ ಲೇಖನ ಎರಡು ಸಲ ಓದಿದೆ. ಅಲ್ಲಿ ಸರ್ಕಾರದ ಕೆಲಸ ಎಲ್ಲ ಮೊಬೈಲ್‌ನಲ್ಲೇ ಆಗುತ್ತೆ, ಕಚೇರಿ ಅಲೆಯೋದಿಲ್ಲ, ಯಾರ ಕೈನೂ ಬಿಸಿ ಮಾಡ್ಬೇಕಾಗಿಲ್ಲ, ನಾವೂ ಅದೇ ದಾರಿ ಹಿಡೀಬೇಕು ಅಂತ ಬರ್ದಿದ್ರು. ನಾನು ದಾವಣಗೆರೆಯವನು, ಬಟ್ಟೆ ವ್ಯಾಪಾರದ ಕೆಲಸಕ್ಕೆ ಅಂತ ಹೋಗಿ 2018ರಿಂದ 2022ರ ಕೊನೇವರೆಗೂ ಝೆಜಿಯಾಂಗ್ ಪ್ರಾಂತ್ಯದ ಶಾವೋಶಿಂಗ್ ಊರಲ್ಲಿ, ಕೆಚಿಯಾವ್ ಅಂತಾರೆ, ಆ ಬಟ್ಟೆ ಮಾರ್ಕೆಟ್ ಹತ್ರಾನೇ ಇದ್ದೆ. ನಮ್ಮ ದೇಶದ ವ್ಯಾಪಾರಿಗಳು ಅಲ್ಲಿ ತುಂಬಾ ಜನ ಇದ್ರು, ದಾಲ್ ರೈಸ್ ಸಿಗೋ ಹೋಟೆಲ್‌ಗಳೂ ಇದ್ವು. ಕೋವಿಡ್ ಕಾಲದಲ್ಲಿ ಫೋನ್‌ಗೆ ಬಂದ ಬಣ್ಣದ ಹೆಲ್ತ್ ಕೋಡನ್ನ ಝೆಂಗ್‌ಝೌ ಊರಲ್ಲಿ ಬ್ಯಾಂಕ್ ದುಡ್ಡು ಕೇಳೋಕೆ ಬಂದವ್ರನ್ನ ತಡೆಯೋಕೆ ಬಳಸಿದ್ರು, ಅದು ನಿಮ್ಮ ಲೇಖನದಲ್ಲಿ ಇರ್ಲಿಲ್ಲ. ಹಾಗಾಗಿ ಕಣ್ಣಾರೆ ನೋಡಿದ್ದನ್ನ ಬರೀತಿದೀನಿ, ಸ್ವಲ್ಪ ಉದ್ದ ಆದ್ರೆ ಕ್ಷಮಿಸಿ.

ಲೇಖನದಲ್ಲಿರೋದು ಸುಳ್ಳಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಝೆಜಿಯಾಂಗ್‌ನಲ್ಲಿ 2016ರ ಕೊನೇಲಿ ಶುರು ಮಾಡಿದ ಒಂದು ಸುಧಾರಣೆ ಇದೆ, ಅದರ ಹೆಸರೇ "ಹೆಚ್ಚೆಂದ್ರೆ ಒಂದೇ ಸಲ ಓಡಾಟ" ಅಂತ. ಯಾವ ಸರ್ಕಾರಿ ಕೆಲಸಕ್ಕೂ ಜನ ಒಂದಕ್ಕಿಂತ ಹೆಚ್ಚು ಸಲ ಕಚೇರಿಗೆ ಬರೋ ಹಾಗಾಗ್ಬಾರ್ದು ಅನ್ನೋದು ಗುರಿ. ನಮ್ಮ ಮನೆ ಓನರ್ ಅರವತ್ತು ದಾಟಿದವ್ರು, ಝೆಲಿಬಾನ್ ಅನ್ನೋ ಸರ್ಕಾರಿ ಆಪ್‌ನಲ್ಲಿ ತಮ್ಮ ಇನ್ಶೂರೆನ್ಸ್, ಪಿಂಚಣಿ ಎಲ್ಲ ನೋಡ್ಕೊಳ್ತಿದ್ರು. ಬೀದಿ ದೀಪ ಹೋದ್ರೆ ಸರ್ಕಾರದ ಸಹಾಯವಾಣಿ 12345ಕ್ಕೆ ಫೋನ್ ಮಾಡೋರು, ಎರಡು ದಿನದಲ್ಲಿ ತಿರುಗಿ ಫೋನ್ ಬರೋದು, ಸರಿ ಹೋಯ್ತಾ ಅಂತ ಕೇಳೋರು. ಇದನ್ನ ನೋಡಿ ನಮ್ಮೂರಲ್ಲಿ ಯಾವಾಗಪ್ಪ ಹೀಗಾಗೋದು ಅಂತ ನನಗೂ ಎಷ್ಟೋ ಸಲ ಅನ್ಸಿದೆ.

ಆದ್ರೆ ಅದೇ ಫೋನ್‌ನಲ್ಲಿ ಹೆಲ್ತ್ ಕೋಡ್ ಅಂತ ಇನ್ನೊಂದು ಬಂತು. ನಿಮ್ಮ ಲೇಖನದಲ್ಲಿ ಅದಕ್ಕೆ ಒಂದೇ ಸಾಲು, ಕೋವಿಡ್ ತಡೆಯೋಕೆ ಬಳಸಿದ್ರು ಅಂತ.

2020ರ ಫೆಬ್ರುವರಿ 11ಕ್ಕೆ ಹಾಂಗ್‌ಝೌನಲ್ಲಿ ಇದು ಶುರುವಾಯ್ತು, ದುಡ್ಡು ಕಟ್ಟೋ ಆಪ್ ಅಲಿಪೇ ಒಳಗೇ ಇತ್ತು, ಆಮೇಲೆ ಮೆಸೇಜ್ ಕಳಿಸೋ ಆಪ್ ವೀಚಾಟ್‌ಗೂ ಬಂತು, ನೋಡ್ತಾ ನೋಡ್ತಾ ದೇಶ ಪೂರ್ತಿ ಹರಡ್ತು, ಒಂದೊಂದು ಪ್ರಾಂತ್ಯದ್ದು ಒಂದೊಂದು ಕೋಡ್. ಹಸಿರಿದ್ರೆ ಓಡಾಡಬಹುದು, ಹಳದಿ ಆದ್ರೆ ಮನೇಲಿರ್ಬೇಕು, ಕೆಂಪಾದ್ರೆ ಕ್ವಾರಂಟೈನ್. ತರಕಾರಿ ಮಾರ್ಕೆಟ್, ಬಸ್ಸು, ಬ್ಯಾಂಕು, ನಮ್ಮ ಆಫೀಸಿನ ಲಿಫ್ಟ್, ಎಲ್ಲಿ ಹೋದ್ರೂ ಮೊದ್ಲು ಫೋನ್ ತೋರಿಸ್ಬೇಕು. ಮನೆ ಹತ್ರದ ತರಕಾರಿ ಮಾರ್ಕೆಟ್ ಗೇಟ್‌ನಲ್ಲಿ ಒಬ್ಬ ಅಜ್ಜ ಸ್ಮಾರ್ಟ್‌ಫೋನ್ ಇಲ್ಲ ಅಂತ ವಾಪಸ್ ಹೋಗೋದನ್ನ ನಾನು ಎಷ್ಟೋ ದಿನ ನೋಡಿದೀನಿ. ಕೈಯಲ್ಲಿ ಬಟ್ಟೆ ಚೀಲ ಮಡಚಿ ಹಿಡ್ಕೊಂಡು ಬರೋರು, ಗೇಟ್‌ನಲ್ಲಿರೋ ಹೆಂಗಸು ತಲೆ ಅಲ್ಲಾಡಿಸೋಳು, ಅವ್ರು ಏನೂ ಮಾತಾಡದೆ ತಿರುಗಿ ಹೋಗೋರು. 2020ರ ನವೆಂಬರ್‌ನಲ್ಲಿ ಹುಬೇ ಪ್ರಾಂತ್ಯದ ಗುವಾಂಗ್‌ಶುಯಿನಲ್ಲಿ 94 ವರ್ಷದವ್ರೊಬ್ಬರನ್ನ ಮನೆಯವ್ರು ಬ್ಯಾಂಕ್‌ನಲ್ಲಿ ಎತ್ತಿ ಹಿಡಿದು ಮುಖ ಗುರುತಿಸೋ ಮೆಷಿನ್ ಮುಂದೆ ಮುಖ ತೋರಿಸಿದ ವಿಡಿಯೋ ದೇಶ ಪೂರ್ತಿ ಓಡಾಡ್ತು, ಅದೇ ತಿಂಗಳು ಕೇಂದ್ರ ಸರ್ಕಾರ ವಯಸ್ಸಾದವರಿಗೆ ಹಳೇ ಪದ್ಧತಿನೂ ಇಟ್ಕೊಳ್ಳಿ ಅಂತ ಆದೇಶ ಮಾಡ್ತು. ಆಮೇಲೆ ನಮ್ಮ ಮಾರ್ಕೆಟ್ ಗೇಟ್‌ನಲ್ಲೂ ಒಂದು ನೋಟ್‌ಬುಕ್ ಬಂತು, ಆ ಅಜ್ಜನ ಹೆಸರು ಬರ್ಕೊಂಡು ಒಳಗೆ ಬಿಡೋಕೆ ಶುರು ಮಾಡಿದ್ರು. ಜನ ಕೂಗಿದ್ರೆ ಅಲ್ಲಿನ ಸರ್ಕಾರನೂ ಬಗ್ಗುತ್ತೆ, ಇಲ್ಲ ಅನ್ನೋಲ್ಲ.

ನನ್ನದೇ ಒಂದು ಅನುಭವ ಹೇಳ್ತೀನಿ. 2021ರ ಡಿಸೆಂಬರ್‌ನಲ್ಲಿ ಪಕ್ಕದ ಶಾಂಗ್ಯುನಲ್ಲಿ ಕೇಸ್ ಬಂದು ಅದನ್ನ ಬಂದ್ ಮಾಡಿದ್ರು. ನಾನು ಆ ಕಡೆ ಕಾಲೂ ಇಟ್ಟಿರ್ಲಿಲ್ಲ. ಒಂದಿನ ಬೆಳಗ್ಗೆ ಎದ್ದು ನೋಡಿದ್ರೆ ಕೋಡ್ ಹಳದಿ. ದಿನಾ ನಗ್ತಾ ಮಾತಾಡಿಸ್ತಿದ್ದ ನಮ್ಮ ಬಿಲ್ಡಿಂಗ್ ವಾಚ್‌ಮನ್ ನನ್ನ ಫೋನ್ ನೋಡಿದ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದ. ಸಹಾಯವಾಣಿಗೆ ಫೋನ್ ಮಾಡಿದ್ರೆ ನಿಮ್ಮ ಏರಿಯಾ ಕಚೇರಿಯವ್ರನ್ನ ಕೇಳಿ ಅಂದ್ರು, ಏರಿಯಾದವ್ರನ್ನ ಕೇಳಿದ್ರೆ ಮೇಲಿಂದ ಬಂದಿದ್ದು ನಮ್ಗೇನೂ ಗೊತ್ತಿಲ್ಲ ಅಂದ್ರು. ಎರಡು ಸಲ ಟೆಸ್ಟ್ ಕೊಟ್ಟೆ, ಎರಡೂ ನೆಗೆಟಿವ್, ನಾಲ್ಕನೇ ದಿನ ತಾನಾಗೇ ಹಸಿರಾಯ್ತು. ಯಾಕೆ ಹಳದಿ ಆಯ್ತು, ಯಾರು ಮಾಡಿದ್ರು, ಯಾವ ಲೆಕ್ಕದಲ್ಲಿ ಮಾಡಿದ್ರು, ಇವತ್ತಿಗೂ ನನಗೆ ಗೊತ್ತಿಲ್ಲ. ನಾಲ್ಕು ದಿನ ಮನೇಲಿ ಕೂತಿದ್ದು ದೊಡ್ಡ ಕಷ್ಟ ಅಲ್ಲ, ಕೇಳೋಕೆ ಒಂದು ಬಾಗಿಲೂ ಇರ್ಲಿಲ್ವಲ್ಲ, ಅದು ನನ್ನನ್ನ ತುಂಬಾ ಕಾಡ್ತು.

ಇದಾಗಿ ಆರು ತಿಂಗಳಿಗೆ ಝೆಂಗ್‌ಝೌ ಸುದ್ದಿ ಬಂತು. ಹೆನಾನ್ ಪ್ರಾಂತ್ಯದ ಕೆಲವು ಚಿಕ್ಕ ಗ್ರಾಮೀಣ ಬ್ಯಾಂಕ್‌ಗಳು 2022ರ ಏಪ್ರಿಲ್‌ನಿಂದ ಠೇವಣಿ ವಾಪಸ್ ಕೊಡೋದು ನಿಲ್ಲಿಸಿದ್ವು. ಹೆಸರಿಗೆ ಹಳ್ಳಿ ಬ್ಯಾಂಕು, ಆದ್ರೆ ಬಡ್ಡಿ ಜಾಸ್ತಿ ಅಂತ ಆನ್‌ಲೈನ್‌ನಲ್ಲಿ ದೇಶದ ಮೂಲೆ ಮೂಲೆಯಿಂದ ಜನ ದುಡ್ಡು ಇಟ್ಟಿದ್ರು. ಅವ್ರು ದುಡ್ಡು ಕೇಳೋಕೆ ಅಂತ ಪ್ರಾಂತ್ಯದ ರಾಜಧಾನಿ ಝೆಂಗ್‌ಝೌಗೆ ಹೊರಟ್ರು. ಜೂನ್‌ನಲ್ಲಿ ಅಲ್ಲಿ ಇಳಿದು ಊರಿನ ಕೋಡ್ ಸ್ಕ್ಯಾನ್ ಮಾಡಿದ್ರೆ ಸೀದಾ ಕೆಂಪು! ಕೈಯಲ್ಲಿ ನೆಗೆಟಿವ್ ರಿಪೋರ್ಟ್ ಇದೆ, ಬಂದ ಊರಲ್ಲಿ ಕೇಸ್ ಇಲ್ಲ, ಆದ್ರೂ ಕೆಂಪು. ಕೆಂಪಾದ್ಮೇಲೆ ರೈಲ್ವೆ ಸ್ಟೇಷನ್‌ನಿಂದ ಆಚೆ ಹೋಗೋ ಹಾಗಿಲ್ಲ, ಬಸ್ ಇಲ್ಲ, ಹೋಟೆಲ್ ಇಲ್ಲ, ಎಷ್ಟೋ ಜನರನ್ನ ಹಿಡಿದು ಕೂರಿಸಿ ವಾಪಸ್ ಕಳಿಸಿದ್ರು. ಇನ್ನೂ ಆಶ್ಚರ್ಯ ಅಂದ್ರೆ ಝೆಂಗ್‌ಝೌಗೆ ಹೋಗದೆ ಮನೇಲೇ ಕೂತು, ಗ್ರೂಪ್‌ನಲ್ಲಿ ಬಂದ ಆ ಊರಿನ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡಿದವ್ರದ್ದೂ ಕೆಂಪಾಯ್ತು. ಅಂದ್ರೆ ಕೋಡ್ ನೋಡ್ತಿದ್ದಿದ್ದು ವೈರಸ್ ಅಲ್ಲ, ಠೇವಣಿದಾರರ ಪಟ್ಟಿ.

ನಮ್ಮ ಆಫೀಸಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಲೋಕಲ್ ಹುಡುಗಿಯೊಬ್ಬಳು ಈ ಸುದ್ದಿ ಇದ್ದ ಒಂದು ಪೋಸ್ಟ್ ತೋರಿಸಿದ್ಲು. ಸಾಯಂಕಾಲ ಮತ್ತೆ ಓದೋಣ ಅಂತ ಲಿಂಕ್ ಒತ್ತಿದ್ರೆ ತೆರೀಲಿಲ್ಲ. ಯಾವತ್ತೂ ಸರ್ಕಾರದ ಬಗ್ಗೆ ಮಾತೇ ಆಡದವ್ರು ಆವತ್ತು ದನಿ ತಗ್ಗಿಸಿ ಮಾತಾಡಿದ್ರು, ನಾಳೆ ನನ್ನದೂ ಹೀಗೇ ಆದ್ರೆ ಅಂತ.

ಗಲಾಟೆ ಜೋರಾಗಿ, ಸರ್ಕಾರದ ಪರ ಬರೆಯೋರೂ ಇದು ತಪ್ಪು ಅಂದ ಮೇಲೆ ಜೂನ್ 22ಕ್ಕೆ ಝೆಂಗ್‌ಝೌ ಕಮ್ಯುನಿಸ್ಟ್ ಪಕ್ಷದ ಶಿಸ್ತು ಸಮಿತಿ ತನಿಖೆ ವರದಿ ಹೊರಗೆ ಬಿಡ್ತು. 1317 ಠೇವಣಿದಾರರಿಗೆ ಕೆಂಪು ಕೋಡ್ ಹಾಕಿದ್ರು, ಅದ್ರಲ್ಲಿ 446 ಜನ ಊರಿಗೆ ಬಂದವ್ರು, 871 ಜನ ಬರದೇ ಇದ್ದವ್ರು. ನಗರದ ಕೋವಿಡ್ ವ್ಯವಸ್ಥೆಯಲ್ಲಿ ಸಾಮಾಜಿಕ ನಿಯಂತ್ರಣ ಅನ್ನೋ ವಿಭಾಗ ನೋಡ್ಕೊಳ್ತಿದ್ದ ಇಬ್ರು ಅಧಿಕಾರಿಗಳು ತಮ್ಮಷ್ಟಕ್ಕೆ ತೀರ್ಮಾನ ಮಾಡಿದ್ರಂತೆ. ಒಟ್ಟು ಐದು ಜನಕ್ಕೆ ಶಿಕ್ಷೆ: ಒಬ್ರನ್ನ ಹುದ್ದೆಯಿಂದ ಇಳಿಸಿದ್ರು, ಒಬ್ರಿಗೆ ಡಿಮೋಷನ್, ಉಳಿದವ್ರ ಸರ್ವೀಸ್ ದಾಖಲೆಯಲ್ಲಿ ತಪ್ಪು ಬರೆದ್ರು. ಅಷ್ಟೇ. ಜುಲೈ 10ಕ್ಕೆ ಅದೇ ಊರಲ್ಲಿ ಸೆಂಟ್ರಲ್ ಬ್ಯಾಂಕ್ ಶಾಖೆ ಮುಂದೆ ಮತ್ತೆ ಸೇರಿದ ಠೇವಣಿದಾರರನ್ನ ಬಿಳಿ ಶರ್ಟ್ ಹಾಕಿದ ಗುಂಪು ಬಂದು ಹೊಡೆದು ಎಳ್ಕೊಂಡ್ ಹೋಯ್ತು, ಮಾರನೇ ದಿನ ಸರ್ಕಾರ ಮೊದ್ಲು 50,000 ಯುವಾನ್‌ವರೆಗೆ ಇಟ್ಟವ್ರಿಗೆ ದುಡ್ಡು ಕೊಡ್ತೀವಿ ಅಂತ ಹೇಳ್ತು.

ಸಂಪಾದಕರೇ, ಯೋಚನೆ ಮಾಡಿ, ಐದು ಜನಕ್ಕೆ ಇಷ್ಟು ಸಲೀಸಾಗಿ ಮಾಡೋಕಾಯ್ತು ಅಂದ್ರೆ ಆ ವ್ಯವಸ್ಥೆ ಕಟ್ಟುವಾಗ್ಲೇ ಬೀಗ ಹಾಕಿರ್ಲಿಲ್ಲ ಅಂತ ತಾನೆ ಅರ್ಥ. ಮುನ್ಸೂಚನೆ ಇರ್ಲಿಲ್ಲ ಅಂತಲೂ ಅಲ್ಲ. 2020ರ ಮೇ ತಿಂಗಳಲ್ಲೇ ಹಾಂಗ್‌ಝೌ ಆರೋಗ್ಯ ಇಲಾಖೆ ಈ ಕೋಡನ್ನ ಕಾಯಂ ಮಾಡೋ ಯೋಚನೆ ಮುಂದಿಟ್ಟಿತ್ತು. 15,000 ಹೆಜ್ಜೆ ನಡೆದ್ರೆ ಇಷ್ಟು ಅಂಕ, ಮದ್ಯ ಕುಡಿದ್ರೆ ಮೈನಸ್, ಸಿಗರೇಟ್ ಸೇದಿದ್ರೆ ಮೈನಸ್, ಒಳ್ಳೇ ನಿದ್ದೆ ಮಾಡಿದ್ರೆ ಪ್ಲಸ್. ಜನ ಬೈದ ಮೇಲೆ ಅದು ಅಲ್ಲಿಗೇ ನಿಂತ್ಹೋಯ್ತು. ಸೆಪ್ಟೆಂಬರ್‌ನಲ್ಲಿ ಸುಝೌ ನಗರ ನಾಗರಿಕ ನಡವಳಿಕೆಗೂ ಒಂದು ಕೋಡ್ ತಂದು ಕೆಲವೇ ದಿನಕ್ಕೆ ಹಿಂದೆ ತಗೊಳ್ತು. ಒಂದು ಕೆಲಸಕ್ಕೆ ಅಂತ ತಂದಿದ್ದು ಕೈಗೆ ಸಿಕ್ಕ ಮೇಲೆ ಇನ್ನೊಂದಕ್ಕೆ ಬಳಸೋಣ ಅನ್ಸೋದು ಚೀನಾದ ಅಧಿಕಾರಿಗಳಿಗೆ ಮಾತ್ರ ಅಲ್ಲ. ನಮ್ಮ ಕರ್ನಾಟಕದಲ್ಲೂ 2020ರಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವ್ರು ಗಂಟೆಗೊಂದು ಸೆಲ್ಫಿ ಕಳಿಸ್ಬೇಕು ಅಂತ ಆದೇಶ ಇತ್ತು, ನೆನಪಿರಬಹುದು.

ಇನ್ನೊಂದು ವಿಷಯ, ಈ ಆಪ್‌ಗಳಿಂದ ಸರ್ಕಾರದ ಕೆಳಗಿನ ನೌಕರರೂ ಸುಖವಾಗೇನಿಲ್ಲ. ನಮ್ಮ ಏರಿಯಾದಲ್ಲಿ ಸರ್ಕಾರದ ಕೆಲಸದ ಮೇಲೆ ಮನೆ ಮನೆಗೆ ಬರ್ತಿದ್ದ ಹೆಣ್ಮಗಳು ಒಂದಿನ ನಮ್ಮ ಮೆಟ್ಟಿಲ ಮೇಲೆ ಕೂತು ಫೋನ್ ತೋರಿಸಿದ್ಲು, ಸ್ಕ್ರೀನ್ ಮೇಲೆ ಎಳೆದಷ್ಟೂ ಗ್ರೂಪ್‌ಗಳು, ಎಲ್ಲದಕ್ಕೂ ಫೋಟೋ ಹಾಕ್ಬೇಕು, ಹಾಜರಿ ಒತ್ತಬೇಕು. ಕೆಲಸ ಮಾಡೋದಕ್ಕಿಂತ ಮಾಡಿದೀನಿ ಅಂತ ತೋರಿಸೋದಕ್ಕೇ ದಿನ ಹೋಗುತ್ತೆ ಅಂದ್ಲು. 2023ರ ಡಿಸೆಂಬರ್‌ನಲ್ಲಿ ಕೇಂದ್ರದವ್ರೇ ಈ "ಬೆರಳ ತುದಿಯ ತೋರಿಕೆ" ನಿಲ್ಲಿಸಿ ಅಂತ ಸೂಚನೆ ಕೊಡಬೇಕಾಯ್ತು.

ಕೋಡ್ ಈಗಿಲ್ಲ. ಯಾವ್ಯಾವ ಊರಿಗೆ ಹೋಗಿದ್ವಿ ಅಂತ ತೋರಿಸ್ತಿದ್ದ ಪ್ರಯಾಣದ ಕೋಡ್ 2022ರ ಡಿಸೆಂಬರ್ 13ಕ್ಕೆ ಬಂದ್ ಆಯ್ತು, ಮುಂದಿನ ಮಾರ್ಚ್‌ನಲ್ಲಿ ವೂಶಿ ನಗರ 100 ಕೋಟಿಗೂ ಹೆಚ್ಚು ಕೋವಿಡ್ ದಾಖಲೆ ಅಳಿಸಿ ಹಾಕಿದೀವಿ ಅಂತ ಸಾರ್ವಜನಿಕವಾಗಿ ಹೇಳ್ತು. ಅದು ಒಳ್ಳೇ ಕೆಲಸ, ಅದನ್ನೂ ನೀವು ಬರೀಬೇಕು.

ಹಾಗಾಗಿ ನನ್ನ ವಿನಂತಿ ಇಷ್ಟೇ. ಚೀನಾ ಥರ ನಾವೂ ಮಾಡೋಣ ಅಂತ ಇನ್ನೊಂದು ಲೇಖನ ಹಾಕೋದಾದ್ರೆ ಓದುಗರಿಗೆ ಎರಡು ವಿಷಯ ಬಿಡಿಸಿ ಹೇಳಿ: ಪರದೆ ಮೇಲಿನ ಬಣ್ಣ ಬದಲಾಯಿಸೋ ಅಧಿಕಾರ ಯಾರ ಕೈಲಿದೆ, ಬದಲಾದಾಗ ಜನ ಯಾರ ಹತ್ರ ಹೋಗಿ ಯಾಕೆ ಅಂತ ಕೇಳಬಹುದು. ಜೊತೆಗೆ ಆ 1317 ಜನರ ವಿಷಯನೂ ಹಾಕಿ. ನನ್ನಿಂದ ಏನಾದ್ರೂ ಮಾಹಿತಿ ಬೇಕಿದ್ರೆ ಖಂಡಿತ ಮಾತಾಡ್ತೀನಿ.

ಇಂತಿ ನಿಮ್ಮ ಓದುಗ,
ದಾವಣಗೆರೆ