ಬೇಲೂರಿನಲ್ಲಿ ಇಳಿದ ಮೇಷ್ಟ್ರಿಗೆ

ಭಾನುವಾರ ಹಾಸನದಿಂದ ಚಿಕ್ಕಮಗಳೂರಿಗೆ ಹೊರಟ ಬಸ್ಸಿನಲ್ಲಿ ನಮ್ಮ ಪಕ್ಕ ಕೂತಿದ್ದಿರಲ್ಲ, ನಿಮ್ಮ ಹೆಸರು ಕೇಳೋದೇ ಮರೆತೆ. ಮೇಷ್ಟ್ರೇ ಇರಬೇಕು!

ಹತ್ತನೇ ಕ್ಲಾಸಿನ ಮಗಳು ವರ್ಗ ಸಮೀಕರಣ ಹಿಡಿದು ಅಳುಮುಖ ಮಾಡಿದ್ದಳು. 2 ಎಕ್ಸ್ ವರ್ಗ ಮೈನಸ್ 11 ಎಕ್ಸ್ ಪ್ಲಸ್ 12 ಸಮ ಸೊನ್ನೆ. ಮೂಲಗಳು, ಅಂದರೆ ಎಕ್ಸ್‌ನ ಬೆಲೆಗಳು, 4 ಮತ್ತು 1.5 ಬಂದಿದ್ದವು, ತಾಳೆ ಮಾತ್ರ ಆಗುತ್ತಿರಲಿಲ್ಲ. ನೀವು ಟಿಕೆಟ್ ಹಿಂದೆ ಬರೆದು ತೋರಿಸಿದಿರಿ. ಮೂಲಗಳನ್ನು ಕೂಡಿದರೆ 5.5. ನಡುವಿನ ಸಹಗುಣಕ, ಅಂದರೆ ಎಕ್ಸ್ ಜೊತೆಗಿರುವ ಮೈನಸ್ 11ರ ಚಿಹ್ನೆ ಬದಲಿಸಿ, ಮೊದಲನೆಯದಾದ 2ರಿಂದ ಭಾಗಿಸಿದರೂ ಅಷ್ಟೇ. ಗುಣಿಸಿದರೆ 6. ಕೊನೆಯ 12ನ್ನು 2ರಿಂದ ಭಾಗಿಸಿದರೂ 6. ಆ 2ರಿಂದ ಭಾಗಿಸೋದನ್ನೇ ಅವಳು ಮರೆತಿದ್ದಳು ನೋಡಿ. ನಾನೂ ಓದಿದ್ದೆ, ಆದರೆ ಸುಮ್ನೆ ಬಾಯಿಪಾಠ.

ಟಿಕೆಟ್ ಇನ್ನೂ ಅವಳ ಪುಸ್ತಕದಲ್ಲಿದೆ. ತುಂಬಾ ಥ್ಯಾಂಕ್ಸ್ ಸಾರ್.